ಕೆಲಸಕ್ಕೆ ಕರೆಯುವ ಬಗೆ

ನೌಕರಿಗೆ ಅರ್ಜಿ ಹಾಕಿದವರನ್ನು 'ಉಮೇದುವಾರ'ರೆಂದು ಕರೆಯುವ ವಾಡಿಕೆ ನಮ್ಮ ಭಾಗದಲ್ಲಿ ಹಳೆಯದು. ಪಾರಸಿಯಿಂದ ಬಂದ ಈ ಶಬ್ದದ ಮೂಲದಲ್ಲಿರುವ 'ಉಮೇದು' ಎಂದರೆ ಆಸೆ, ಭರವಸೆ. ಕೆಲಸ ಕೇಳುವವನು ಭರವಸೆಯನ್ನು ಹೊತ್ತು ನಿಂತವನು ಎಂಬ ಅರ್ಥ ಈ ಒಂದೇ ಮಾತಿನಲ್ಲಿ ಅಡಗಿದೆ. ಆದರೆ ಆ ಭರವಸೆಯನ್ನು ಹುಟ್ಟಿಸುವವರು ಯಾರು, ಅದು ಬೆಳೆಯುವದು ಹೇಗೆ, ಕೆಡುವದು ಹೇಗೆ ಎಂಬ ವಿಚಾರ ನಮ್ಮ ಪಠ್ಯಪುಸ್ತಕಗಳಲ್ಲಿ ಹೆಚ್ಚಾಗಿ ಬರುವದಿಲ್ಲ. ಅರ್ಥಶಾಸ್ತ್ರದ ಪುಟದಲ್ಲಿ ಶ್ರಮದ ಬೇಡಿಕೆಯ ಗೆರೆಯೂ ಪೂರೈಕೆಯ ಗೆರೆಯೂ ಒಂದು ಬಿಂದುವಿನಲ್ಲಿ ಸುಸೂತ್ರವಾಗಿ ಕೂಡಿಬಿಡುತ್ತವೆ. ನಿಜವಾದ ಜೀವನದಲ್ಲಿ ಅವು ಕೂಡಬೇಕಾದರೆ ಒಬ್ಬರು ಕರೆಯಬೇಕು, ಇನ್ನೊಬ್ಬರಿಗೆ ಆ ಕರೆ ಕೇಳಿಸಬೇಕು. ಕಂಪನಿಗಳು ಸುಶಿಕ್ಷಿತರನ್ನು ಕರೆಯುವ, ಆರಿಸುವ ಮತ್ತು ಉಳಿಸಿಕೊಳ್ಳುವ ಬಗೆಯನ್ನು ಕುರಿತು ನಾಲ್ಕು ಮಾತು ಬರೆಯುವದೇ ಈ ಲೇಖನದ ಉದ್ದೇಶ.

ನಾನು ಶಿಗ್ಗಾಂವಿ ತಾಲೂಕಿನ ಗೊಟಗೋಡಿಯವಳು. ಜಾನಪದ ವಿಶ್ವವಿದ್ಯಾಲಯದಿಂದಾಗಿ ನಮ್ಮೂರಿನ ಹೆಸರು ಈಗ ನಾಡಿಗೆಲ್ಲ ಗೊತ್ತಾಗಿದೆ. ಆದರೂ ನಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲನೆಯವಳು. ಆದ್ದರಿಂದ ನೌಕರಿಯ ಮಾತಿಗೆ ಬಂದಾಗ ಕಂಪನಿಯ ರೀತಿ ಹೀಗೆ ಎಂದು ಹೇಳುವವರು ಮನೆಯಲ್ಲಿ ಯಾರೂ ಇಲ್ಲ. ಹಾಗೆಂದು ಕೆಲಸಕ್ಕೆ ಕರೆಯುವ ವಿದ್ಯೆ ನಮ್ಮವರಿಗೆ ಗೊತ್ತಿಲ್ಲವೆಂದಲ್ಲ. ಹೊಲದಲ್ಲಿ ಕಳೆ ತೆಗೆಯುವದಿದ್ದರೆ ಮುನ್ನಾದಿನ ಸಂಜೆಯೇ ಮನೆಮನೆಗೆ ಹೋಗಿ ಆಳು ಹೇಳಿ ಬರಬೇಕು. ಯಾವ ಹೊಲ, ಏನು ಕೆಲಸ, ಎಷ್ಟು ಕೂಲಿ, ಎಷ್ಟು ಹೊತ್ತಿಗೆ ಬಿಡುಗಡೆ ಎಂಬುದನ್ನು ಬಾಯಿಬಿಟ್ಟು ಹೇಳಬೇಕು. ಕೂಲಿಯನ್ನು ನಾಳೆ, ನಾಡಿದ್ದು ಎಂದು ಮುಂದೂಡಿದ ಮನೆಗೆ ಮರುವರ್ಷ ಹಂಗಾಮಿನಲ್ಲಿ ಆಳು ಸಿಗುವದಿಲ್ಲ. ಆ ಮಾತು ಬಾವಿಕಟ್ಟೆಯಿಂದ ಬಾವಿಕಟ್ಟೆಗೆ ತಾನಾಗಿ ಹಬ್ಬುತ್ತದೆ. ದೊಡ್ಡ ಕಂಪನಿಗಳು ಲಕ್ಷಗಟ್ಟಲೆ ಖರ್ಚು ಮಾಡಿ ಕಲಿಯುವದೂ ಇಷ್ಟೇ: ಸಮಯಕ್ಕೆ ಕರೆ, ಸ್ಪಷ್ಟವಾಗಿ ಹೇಳು, ಆಡಿದಂತೆ ನಡೆ.

ಇದನ್ನು ದುಬಾರಿ ಬೆಲೆ ತೆತ್ತು ಕಲಿತವರಲ್ಲಿ ಅಮೆರಿಕದ ಹೆನ್ರಿ ಫೋರ್ಡನೂ ಒಬ್ಬ. 1913ರಲ್ಲಿ ಅವನ ಮೋಟಾರು ಕಾರಖಾನೆಯಲ್ಲಿ ಸುಮಾರು 14,000 ಜನರನ್ನು ಕೆಲಸದಲ್ಲಿ ಇಟ್ಟುಕೊಳ್ಳಬೇಕಾದರೆ ವರ್ಷಕ್ಕೆ 52,000 ಜನರನ್ನು ನೇಮಿಸಬೇಕಾಗುತ್ತಿತ್ತು. ಬಂದವರು ಬಂದಂತೆಯೇ ಬಿಟ್ಟುಹೋಗುತ್ತಿದ್ದರು. 1914ರ ಜನವರಿಯಲ್ಲಿ ಅವನು ಕೆಲಸದ ವೇಳೆಯನ್ನು ಎಂಟು ತಾಸಿಗೆ ಇಳಿಸಿ, ದಿನಗೂಲಿಯನ್ನು ಐದು ಡಾಲರಿಗೆ ಏರಿಸಿದ ಮೇಲೆ ಕಾರಖಾನೆಯ ಬಾಗಿಲಿಗೆ ಜನ ಮುತ್ತಿದರು. ಒಡೆದ ಕೊಡದಲ್ಲಿ ನೀರು ತುಂಬುವದಕ್ಕಿಂತ ಕೊಡವನ್ನು ಸರಿಪಡಿಸುವದೇ ಅಗ್ಗವೆಂಬ ಪಾಠವನ್ನು ಉದ್ಯಮಿಗಳು ಕಲಿತದ್ದು ಇಂಥ ಸಂಗತಿಗಳಿಂದ.

ಇನ್ನು ಕರೆಯುವ ದಾರಿಗಳನ್ನು ನೋಡೋಣ. ಪತ್ರಿಕೆಯಲ್ಲಿ ಜಾಹೀರಾತು ಕೊಡುವದು ಹಳೆಯ ದಾರಿ. ಖಾಲಿ ಹುದ್ದೆಗಳ ವಿವರವನ್ನು ಉದ್ಯೋಗ ವಿನಿಮಯ ಕಚೇರಿಗೆ ತಿಳಿಸಬೇಕೆಂದು 1959ರಲ್ಲಿ ನಮ್ಮ ದೇಶದಲ್ಲಿ ಕಾಯಿದೆಯಾಯಿತು. ಕಂಪನಿಯವರೇ ಕಾಲೇಜಿಗೆ ಬಂದು ಆರಿಸಿಕೊಂಡು ಹೋಗುವ ಪದ್ಧತಿ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಬೆಳೆಯಿತು. 1997ರಲ್ಲಿ ನೌಕ್ರಿ ಡಾಟ್ ಕಾಮ್, 2003ರಲ್ಲಿ ಲಿಂಕ್ಡ್ಇನ್ ಆರಂಭವಾದ ಮೇಲೆ ಜಾಹೀರಾತು ಅಂತರ್ಜಾಲಕ್ಕೆ ಏರಿತು. ಈಗ ನಮ್ಮ ಕೈಯಲ್ಲಿಯ ಮೊಬೈಲಿನಲ್ಲಿಯೇ ನೂರಾರು ಕರೆಗಳು ಕಾಣುತ್ತವೆ. ಆದರೂ ಬಹಳ ಬಲವುಳ್ಳ ದಾರಿ ಇವುಗಳಲ್ಲಿ ಒಂದೂ ಅಲ್ಲ. ಅದು ಪರಿಚಯದ ದಾರಿ. ಮಾರ್ಕ್ ಗ್ರಾನೊವೆಟರ್ ಎಂಬ ಸಮಾಜಶಾಸ್ತ್ರಜ್ಞರು ಅಮೆರಿಕದ ನ್ಯೂಟನ್ ಎಂಬ ಊರಿನಲ್ಲಿ, ಹೊಸ ಕೆಲಸ ಹಿಡಿದ ಸುಶಿಕ್ಷಿತ ನೌಕರರನ್ನು ವಿಚಾರಿಸಿ 1974ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಅವರಲ್ಲಿ ಶೇಕಡಾ 56ರಷ್ಟು ಜನರಿಗೆ ಕೆಲಸದ ಸುದ್ದಿ ಸಿಕ್ಕಿದ್ದು ಪರಿಚಿತರಿಂದ. ಆ ಪರಿಚಿತರು ಕೂಡ ಹೆಚ್ಚಾಗಿ ಆಪ್ತರಲ್ಲ. ಆಗೊಮ್ಮೆ ಈಗೊಮ್ಮೆ ಭೆಟ್ಟಿಯಾಗುವ ಮುಖಪರಿಚಯದವರು. ಆಪ್ತರಿಗೆ ಗೊತ್ತಿರುವದು ನಮಗೂ ಗೊತ್ತಿರುತ್ತದೆ. ದೂರದವರಿಗೆ ದೂರದ ಸುದ್ದಿ ಗೊತ್ತಿರುತ್ತದೆ. ಇದರ ಅರ್ಥವೇನು? ಅಪ್ಪನ ಕಚೇರಿಯ ಸ್ನೇಹಿತರು, ಸೋದರಮಾವನ ಸಹೋದ್ಯೋಗಿಗಳು ಇರುವ ಮನೆಯ ಮಕ್ಕಳಿಗೆ ಕರೆ ಜಾಹೀರಾತಿಗಿಂತ ಮೊದಲೇ ಕೇಳಿಸುತ್ತದೆ. ನಮ್ಮಂಥ ಮನೆಗಳಿಗೆ ಕೆಲವೊಮ್ಮೆ ಕೇಳಿಸುವದೇ ಇಲ್ಲ.

ಹೀಗೆ ಕರೆಯ ಗೆರೆಯ ಹೊರಗೆ ಉಳಿದವರು ಅಯೋಗ್ಯರೇ? ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ನಮ್ಮ ತಾಲೂಕಿನ ಊರಿನಲ್ಲಿಯೇ ಅದು ಹುಟ್ಟಿತು. 1950ರಲ್ಲಿ ಶಿಗ್ಗಾಂವಿಯಲ್ಲಿ ಜನಿಸಿದ ಸುಧಾ ಕುಲಕರ್ಣಿ, ಮುಂದೆ ಸುಧಾ ಮೂರ್ತಿಯೆಂದು ಹೆಸರಾದವರು, ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರವನ್ನು ಸೇರಿದ್ದರು. ಅವರೇ ಬರೆದಿರುವಂತೆ, 1974ರ ಸುಮಾರಿಗೆ ಅಲ್ಲಿಯ ಸೂಚನಾ ಫಲಕದ ಮೇಲೆ ಟಾಟಾದವರ ಟೆಲ್ಕೋ ಕಂಪನಿಯ ಜಾಹೀರಾತು ಕಂಡಿತು. ಬುದ್ಧಿವಂತರೂ ಪರಿಶ್ರಮಿಗಳೂ ಆದ ತರುಣ ಎಂಜಿನಿಯರರು ಬೇಕಾಗಿದ್ದರು. ಆದರೆ ಕೆಳಗೆ, ಸ್ತ್ರೀಯರು ಅರ್ಜಿ ಹಾಕಬೇಕಾಗಿಲ್ಲ ಎಂಬ ಒಂದು ಸಣ್ಣ ಸಾಲಿತ್ತು. 'ಉದ್ಯೋಗಂ ಪುರುಷಲಕ್ಷಣಂ' ಎಂಬ ಹಳೆಯ ಮಾತನ್ನು ಕಂಪನಿ ಅಕ್ಷರಶಃ ನಂಬಿದಂತಿತ್ತು! ಅವರು ಒಂದು ಅಂಚೆಕಾರ್ಡು ತೆಗೆದುಕೊಂಡು, ಟಾಟಾದಂಥ ಸಂಸ್ಥೆಯೇ ಹೀಗೆ ಭೇದ ಮಾಡಬಹುದೇ ಎಂದು ಜೆ. ಆರ್. ಡಿ. ಟಾಟಾ ಅವರಿಗೇ ಬರೆದರು. ಹತ್ತು ದಿನಗಳೊಳಗೆ ತಂತಿ ಬಂದಿತು: ಪುಣೆಗೆ ಸಂದರ್ಶನಕ್ಕೆ ಬರಬೇಕು, ಖರ್ಚು ಕಂಪನಿಯದು. ಅಲ್ಲಿ ಕೇಳಿದ ಶಾಸ್ತ್ರೀಯ ಪ್ರಶ್ನೆಗಳಿಗೆಲ್ಲ ಅವರು ಉತ್ತರ ಕೊಟ್ಟರು. ಇದು ಕಾರಖಾನೆ, ಇಲ್ಲಿ ಹೆಂಗಸರು ಕೆಲಸ ಮಾಡಿದ್ದಿಲ್ಲ ಎಂದು ಒಬ್ಬ ಹಿರಿಯರು ಸಮಜಾಯಿಸಿ ಹೇಳಿದಾಗ, ಎಲ್ಲಿಯಾದರೂ ಒಂದು ಕಡೆ ಆರಂಭವಾಗಲೇಬೇಕಲ್ಲ ಎಂದರು. ಟೆಲ್ಕೋ ಕಾರಖಾನೆಯ ಮೊದಲ ಮಹಿಳಾ ಎಂಜಿನಿಯರ್ ಎಂದು ಅವರ ನೇಮಕವಾಯಿತು.

ಈ ಪ್ರಸಂಗವನ್ನು ಸಾಮಾನ್ಯವಾಗಿ ಒಬ್ಬ ಹುಡುಗಿಯ ಧೈರ್ಯದ ಕತೆಯೆಂದು ಹೇಳುತ್ತಾರೆ. ಅದು ನಿಜವೇ. ಆದರೆ ಕಂಪನಿಯ ಕಡೆಯಿಂದ ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಯೋಗ್ಯತೆಯಲ್ಲಿ ಏನೂ ಕೊರತೆಯಿರದ ಉಮೇದುವಾರಳೊಬ್ಬಳನ್ನು ಪರೀಕ್ಷೆಯಾಗಲಿ ಸಂದರ್ಶನವಾಗಲಿ ಹೊರಗೆ ಹಾಕಿರಲಿಲ್ಲ. ಜಾಹೀರಾತಿನ ಒಂದು ಸಾಲು ಹೊರಗೆ ಹಾಕಿತ್ತು. ಆಯ್ಕೆ ಸಂದರ್ಶನದ ಕೋಣೆಯಲ್ಲಿ ಆರಂಭವಾಗುವದಿಲ್ಲ, ಕರೆಯಲ್ಲಿಯೇ ಆರಂಭವಾಗುತ್ತದೆ. ಕರೆಯೊಳಗೆ ಬಾರದವರು ಸೋತವರ ಲೆಕ್ಕದಲ್ಲಿಯೂ ಬರುವದಿಲ್ಲ. ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ.

1976ರ ಸಮಾನ ವೇತನ ಕಾಯಿದೆಯು ನೇಮಕದಲ್ಲಿಯೂ ಸ್ತ್ರೀಯರಿಗೆ ಭೇದ ಮಾಡಬಾರದೆಂದು ವಿಧಿಸಿತು. ಅಂಥ ಸಾಲನ್ನು ಅಚ್ಚು ಹಾಕಿಸುವ ಕಾಲ ಹೋಯಿತು. ಆದರೆ ಅಚ್ಚಾಗದ ಸಾಲುಗಳು ಉಳಿದಿವೆ. ಸುಖದೇವ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಎಂಬ ವಿದ್ವಾಂಸರು ಭಾರತದ ಖಾಸಗಿ ಕಂಪನಿಗಳ ಜಾಹೀರಾತುಗಳಿಗೆ ಸಮಾನ ಯೋಗ್ಯತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರಿನಲ್ಲಿ ಕಳಿಸಿ ನೋಡಿ, 2007ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ಮುಂದಿನ ಹಂತಕ್ಕೆ ಕರೆ ಬರುವ ಸಂಭವವು ಮೇಲ್ಜಾತಿಯ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಸುಮಾರು ಮೂರರಲ್ಲಿ ಎರಡು ಪಾಲು, ಮುಸಲ್ಮಾನ ಹೆಸರಿಗೆ ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ ಇತ್ತು. ಓದಿದ್ದು ಒಂದೇ, ಹೆಸರು ಬೇರೆ, ಕರೆಯೂ ಬೇರೆ!

ಆರಿಸುವ ಬಗೆಯನ್ನು ಕುರಿತು ಮನಃಶಾಸ್ತ್ರಜ್ಞರು ಬಹಳ ಶೋಧ ನಡೆಸಿದ್ದಾರೆ. ಫ್ರಾಂಕ್ ಸ್ಮಿಟ್ ಮತ್ತು ಜಾನ್ ಹಂಟರ್ ಎಂಬವರು 85 ವರ್ಷಗಳ ಸಂಶೋಧನೆಯನ್ನು ಒಟ್ಟುಗೂಡಿಸಿ 1998ರಲ್ಲಿ ಬರೆದ ಲೇಖನದ ಸಾರಾಂಶವಿಷ್ಟು: ಮನಬಂದಂತೆ ಹರಟುವ ಸಂದರ್ಶನಕ್ಕಿಂತ, ಎಲ್ಲರಿಗೂ ಅವೇ ಪ್ರಶ್ನೆಗಳನ್ನು ಕ್ರಮವಾಗಿ ಕೇಳಿ ಅಳೆಯುವ ಸಂದರ್ಶನ ಮೇಲು. ಕೆಲಸದ ಒಂದು ತುಣುಕನ್ನೇ ಮಾಡಿಸಿ ನೋಡುವದೂ ಒಳ್ಳೆಯದು. ಕೈಬರಹ ನೋಡಿ ಗುಣ ಹೇಳುವ ಪದ್ಧತಿಯಿಂದ ಮಾತ್ರ ಬಹುತೇಕ ಏನೂ ತಿಳಿಯುವದಿಲ್ಲ. ಇಷ್ಟು ತಿಳಿದಿದ್ದರೂ, ಎಸ್. ಎಸ್. ಎಲ್. ಸಿ.ಯಿಂದ ಪದವಿಯ ವರೆಗೆ ಎಲ್ಲ ಕಡೆಗೂ ಶೇಕಡಾ 60 ಅಂಕ ಬೇಕೆಂಬ ಜರಡಿಯನ್ನು ಅನೇಕ ಕಂಪನಿಗಳು ಹಿಡಿಯುತ್ತವೆ. ಹತ್ತನೆಯ ತರಗತಿಯಲ್ಲಿ ಇಂಗ್ಲಿಷಿನಲ್ಲಿ ಎಡವಿ ಬಿ. ಎ.ಯಲ್ಲಿ ಚೇತರಿಸಿಕೊಂಡ ಹಳ್ಳಿಯ ಹುಡುಗ ಈ ಜರಡಿಯಲ್ಲಿ ಉದುರಿಹೋಗುತ್ತಾನೆ.

ಇನ್ನು ಮೂರನೆಯದು, ಆರಿಸಿದವರನ್ನು ಉಳಿಸಿಕೊಳ್ಳುವದು. ಸುಧಾ ಮೂರ್ತಿಯವರು ತಮ್ಮ ಉಳಿತಾಯದಿಂದ ಕೊಟ್ಟ ಹತ್ತು ಸಾವಿರ ರೂಪಾಯಿಯ ಮೇಲೆ 1981ರಲ್ಲಿ ಆರಂಭವಾದ ಇನ್ಫೋಸಿಸ್ ಸಂಸ್ಥೆಯು 1994ರಲ್ಲಿ ನೌಕರರಿಗೂ ಷೇರು ಕೊಡುವ ಯೋಜನೆಯನ್ನು ಮಾಡಿತು. ಕೆಲಸಗಾರನೂ ಪಾಲುದಾರನಾದರೆ ಅವನು ಸಂಸ್ಥೆಯನ್ನು ತನ್ನದೆನ್ನುತ್ತಾನೆ ಎಂಬ ವಿಚಾರ ಅದರ ಹಿಂದೆ ಇತ್ತು. ಅದೇ ಸಂಸ್ಥೆ 2022ರಲ್ಲಿ ಆರಿಸಿದ್ದ ಸುಮಾರು 2,000 ಹೊಸ ಪದವೀಧರರು ಕೆಲಸಕ್ಕೆ ಸೇರಲು 2024ರ ವರೆಗೆ ಕಾಯಬೇಕಾಯಿತೆಂದು ಪತ್ರಿಕೆಗಳಲ್ಲಿ ಬಂದಿತ್ತು. ವ್ಯಾಪಾರ ಇಳಿಮುಖವಾದಾಗ ಯಾವ ಸಂಸ್ಥೆಗೂ ಇಕ್ಕಟ್ಟು ಬರಬಹುದು. ಆದರೆ ಪತ್ರ ಕೈಗೆ ಬಂದ ದಿನದಿಂದ ಸೇರುವ ದಿನದ ವರೆಗಿನ ಕಾಲವು ಉಮೇದುವಾರನಿಗೆ ಎಷ್ಟು ಭಾರವೆಂಬುದನ್ನು ಆ ಎರಡು ವರ್ಷಗಳು ತೋರಿಸುತ್ತವೆ. ಮನೆಯವರು ಊರಿಗೆಲ್ಲ ಪೇಢೆ ಹಂಚಿರುತ್ತಾರೆ. ಮಗ ಇನ್ನೂ ಹೊರಸಿನ ಮೇಲೆ ಕುಳಿತಿರುತ್ತಾನೆ.

ನಾನೂ ಇಬ್ಬರು ಗೆಳತಿಯರೂ ಒಂದು ಉದ್ಯೋಗಮೇಳಕ್ಕೆ ಹೋಗಿದ್ದೆವು. ಬೆಳಗಿನಿಂದ ಸರದಿಯಲ್ಲಿ ನಿಂತು, ಒಂದು ಕಂಪನಿಯ ಮೇಜಿನ ಮುಂದೆ ಎರಡು ನಿಮಿಷ ಮಾತಾಡಿ, ಅರ್ಜಿ ತುಂಬಿ ಬಂದೆವು. ತಿಳಿಸುತ್ತೇವೆ ಎಂದರು, ಈ ವರೆಗೂ ತಿಳಿಸಿಲ್ಲ. ಬೇಡವೆಂದು ಹೇಳಿದ್ದರೂ ನಡೆಯುತ್ತಿತ್ತು. ಬೇರೆ ಕಡೆಗೆ ಮುಖ ತಿರುಗಿಸುತ್ತಿದ್ದೆವು. ಉತ್ತರವಿಲ್ಲದಿರುವದೇ ಕೆಟ್ಟ ಉತ್ತರ. ಅಲ್ಲಿಂದ ಬಂದ ಮೇಲೆ ನನ್ನ ಗೆಳತಿಯೊಬ್ಬಳು, ಬಿ. ಎ. ಓದಿದವರಿಗೆ ಇಷ್ಟೇ ಎಂದು ಮುಂದಿನ ಅರ್ಜಿಯನ್ನೇ ಹಾಕಲಿಲ್ಲ. ಅವಳ ಕನ್ನಡ, ಅವಳ ಲೆಕ್ಕದ ಬುದ್ಧಿ, ಜನರೊಡನೆ ಮಾತಾಡುವ ಜಾಣ್ಮೆ ಇವುಗಳ ಉಪಯೋಗ ಬ್ಯಾಂಕಿಗೆ, ವಿಮಾ ಕಂಪನಿಗೆ, ಗ್ರಾಹಕರ ಮಾತು ಕೇಳುವ ಯಾವ ಸಂಸ್ಥೆಗೂ ಆಗುತ್ತಿತ್ತು. ನಷ್ಟ ಅವಳೊಬ್ಬಳದೇ ಅಲ್ಲ.

ಹಾಗಾದರೆ ನಾವೇನು ಮಾಡಬಹುದು? ಮೊದಲನೆಯದಾಗಿ, ಕರೆಯನ್ನು ಓದಲು ಕಲಿಯಬೇಕು. ಕೆಲಸ ಯಾವುದು, ಸ್ಥಳ ಯಾವುದು, ಸಂಬಳ ಎಷ್ಟು ಎಂಬುದು ಸ್ಪಷ್ಟವಿಲ್ಲದಿದ್ದರೆ ಸಂಕೋಚವಿಲ್ಲದೆ ಕೇಳಬೇಕು. ನೌಕರಿ ಕೊಡುತ್ತೇವೆಂದು ಮುಂಗಡ ಹಣ ಕೇಳುವ ಕರೆ ಕರೆಯಲ್ಲ, ಬಲೆ. ಎರಡನೆಯದಾಗಿ, 1961ರ ಅಪ್ರೆಂಟಿಸ್ ಕಾಯಿದೆಗೆ 2014ರಲ್ಲಿ ತಿದ್ದುಪಡಿಯಾಗಿ, ಎಂಜಿನಿಯರಿಂಗ್ ಅಲ್ಲದ ಪದವೀಧರರಿಗೂ ಬಾಗಿಲು ತೆರೆಯಿತೆಂಬುದನ್ನು ನಮ್ಮಲ್ಲಿ ಎಲ್ಲರೂ ತಿಳಿದಿರಬೇಕು. ಕೆಲಸದ ತುಣುಕನ್ನು ಮಾಡಿ ತೋರಿಸಲು ಇದೊಂದು ದಾರಿ. ಮೂರನೆಯದಾಗಿ, ನಮ್ಮ ಹೆಸರು ಪಟ್ಟಿಯಲ್ಲಿಲ್ಲದಿದ್ದರೂ ಯೋಗ್ಯತೆಯಿದ್ದಲ್ಲಿ ಒಂದು ಕಾಗದ ಬರೆದು ನೋಡಬೇಕು. ಎಲ್ಲ ಕಾಗದಕ್ಕೂ ತಂತಿ ಬಾರದು. ಬರೆಯದ ಕಾಗದಕ್ಕಂತೂ ಬರುವದೇ ಇಲ್ಲ.

ಆದರೆ ಧೈರ್ಯವನ್ನಷ್ಟೇ ನಂಬಿ ಕೂಡ್ರುವದು ನ್ಯಾಯವಲ್ಲ. ಒಬ್ಬಳು ಧೈರ್ಯಶಾಲಿನಿ ಬಾಗಿಲು ತಟ್ಟಿ ಒಳಗೆ ಹೋದಳೆಂದರೆ, ತಟ್ಟದೆ ಹಿಂತಿರುಗಿದವರು ಎಷ್ಟು ಮಂದಿಯೆಂದು ಎಣಿಸಿದವರಿಲ್ಲ. ಆದ್ದರಿಂದ ನಮ್ಮ ಪೂಜ್ಯ ಅಧ್ಯಾಪಕರಲ್ಲಿ ಒಂದು ಬಿನ್ನಹ. ನಮ್ಮ ಕಾಲೇಜಿನಿಂದ ಪದವಿ ಪಡೆದು ಹೋದವರು ಈಗ ಎಲ್ಲಿ, ಯಾವ ಕೆಲಸದಲ್ಲಿದ್ದಾರೆಂಬ ಒಂದು ದಾಖಲೆ ಪುಸ್ತಕವನ್ನು, ಅವರ ಒಪ್ಪಿಗೆ ಪಡೆದು, ಗ್ರಂಥಾಲಯದಲ್ಲಿ ಇಡಬೇಕು. ವರ್ಷಕ್ಕೆ ಎರಡು ಸಲ ಅವರಲ್ಲಿ ಕೆಲವರನ್ನು ಕರೆಸಿ, ಅವರ ಕೆಲಸ ಹೇಗೆ ಸಿಕ್ಕಿತು, ದಿನದ ಕೆಲಸವೇನು ಎಂಬುದನ್ನು ಹೇಳಿಸಬೇಕು. ಹಾವೇರಿಯಲ್ಲಿಯೂ ಹುಬ್ಬಳ್ಳಿಯಲ್ಲಿಯೂ ಇರುವ ಸಂಸ್ಥೆಗಳಿಗೆ ಕಾಲೇಜಿನ ಹೆಸರಿನಿಂದಲೇ ಪತ್ರ ಹೋಗಬೇಕು. ಇದಕ್ಕೆ ಹೆಚ್ಚಿನ ಹಣ ಬೇಕಾಗಿಲ್ಲ. ಒಂದು ದಪ್ಪ ಪುಸ್ತಕ, ಇಬ್ಬರು ಉತ್ಸಾಹಿ ವಿದ್ಯಾರ್ಥಿಗಳು, ಒಬ್ಬ ಅಧ್ಯಾಪಕರ ಮಾರ್ಗದರ್ಶನ ಸಾಕು. ಮನೆಯಲ್ಲಿ ಮುಖಪರಿಚಯದ ಆಸ್ತಿಯಿಲ್ಲದ ಮಕ್ಕಳಿಗೆ ಕಾಲೇಜೇ ಆ ಆಸ್ತಿಯನ್ನು ಮಾಡಿಕೊಡಬಲ್ಲದು. ಪುಸ್ತಕದ ಮೊದಲ ಪುಟಗಳಿಗೆ ಹೆಸರು ಕೂಡಿಸುವ ಕೆಲಸವನ್ನು ನಾವು ಕೊನೆಯ ವರ್ಷದವರು ಪರೀಕ್ಷೆ ಮುಗಿದ ಮರುವಾರವೇ ಆರಂಭಿಸಲು ಸಿದ್ಧರಿದ್ದೇವೆ.