ಕಣ್ಣಿನೊಳಗಿನ ರಕ್ತಸ್ರಾವ ಮತ್ತು ಹೆಪ್ಪು ಕರಗಿಸುವ ಕಿಣ್ವಗಳು

ಸೌದೆ ಒಡೆಯುವಾಗ ಚಕ್ಕೆ ಸಿಡಿದು, ದನದ ಕೊಂಬು ತಗುಲಿ ಅಥವಾ ಜೋಳದ ದಂಟು ಬಡಿದು ಕಣ್ಣಿಗೆ ಪೆಟ್ಟಾಗುವುದು ರೈತರಿಗೆ ಹೊಸದಲ್ಲ. ಪೆಟ್ಟೇ ಬೀಳದೆ, ಸಕ್ಕರೆ ಕಾಯಿಲೆ ಇರುವವರಿಗೆ ಒಂದು ಕಣ್ಣು ಇದ್ದಕ್ಕಿದ್ದಂತೆ ಮಂಜಾಗುವುದೂ ಉಂಟು. ಎರಡೂ ಸಂದರ್ಭಗಳಲ್ಲಿ ಕಣ್ಣಿನೊಳಗೆ ರಕ್ತ ಸೋರಿರಬಹುದು. ಹೃದಯಾಘಾತದಲ್ಲಿ ಹೆಪ್ಪು ಕರಗಿಸಲು ಕೊಡುವ ಇಂಜೆಕ್ಷನ್ನನ್ನು ಕಣ್ಣಿಗೂ ಕೊಡಬಾರದೇ ಎಂದು ಹಲವರು ಕೇಳುತ್ತಾರೆ. ಕೊಡಬಹುದು, ಆದರೆ ಎಲ್ಲ ಕಣ್ಣಿಗೂ ಅಲ್ಲ, ಎಲ್ಲ ಸಮಯದಲ್ಲೂ ಅಲ್ಲ.

ಹೆಪ್ಪು ಕರಗುವ ಬಗೆ

ಹಾಲು ಹೆಪ್ಪುಗಟ್ಟುವಂತೆ, ರಕ್ತನಾಳದಿಂದ ಹೊರಬಂದ ರಕ್ತವೂ ಗಟ್ಟಿಯಾಗುತ್ತದೆ. ಫೈಬ್ರಿನ್ ಎಂಬ ಪ್ರೋಟೀನಿನ ನಾರುಗಳು ಬಲೆಯಂತೆ ಹೆಣೆದುಕೊಂಡು ರಕ್ತಕಣಗಳನ್ನು ಹಿಡಿದಿಡುತ್ತವೆ. ಈ ನಾರುಗಳನ್ನು ತುಂಡರಿಸುವ ಕಿಣ್ವಕ್ಕೆ ಪ್ಲಾಸ್ಮಿನ್ ಎಂದು ಹೆಸರು. ಅದು ನಮ್ಮ ರಕ್ತದಲ್ಲಿ ನಿಷ್ಕ್ರಿಯ ರೂಪದಲ್ಲಿರುತ್ತದೆ. ಹೆಪ್ಪು ಕರಗಿಸುವ ಔಷಧಿಗಳು ಅದನ್ನು ಚುರುಕುಗೊಳಿಸುತ್ತವೆ.

ಇವುಗಳಲ್ಲಿ ಮುಖ್ಯವಾದವು ಮೂರು. ಸ್ಟ್ರೆಪ್ಟೋಕೈನೇಸ್ ಬ್ಯಾಕ್ಟೀರಿಯಾದಿಂದ ದೊರೆಯುತ್ತದೆ. ಇದರ ಗುಣವನ್ನು 1933ರಲ್ಲಿ ಅಮೆರಿಕದ ಟಿಲ್ಲೆಟ್ ಮತ್ತು ಗಾರ್ನರ್ ಪ್ರಕಟಿಸಿದರು. ಯೂರೋಕೈನೇಸ್ ಮನುಷ್ಯನ ಮೂತ್ರದಲ್ಲಿದೆ. ಮೂರನೆಯದಾದ ಟಿ.ಪಿ.ಎ. ರಕ್ತನಾಳಗಳ ಒಳಪದರದಲ್ಲೇ ಉತ್ಪತ್ತಿಯಾಗುತ್ತದೆ. ಔಷಧಿಗಾಗಿ ಅದನ್ನು ಈಗ ಪ್ರಯೋಗಾಲಯದಲ್ಲಿ ತಯಾರಿಸುತ್ತಾರೆ.

ಪೆಟ್ಟಾದ ಕಣ್ಣು: ಮೊದಲ ವಾರ

ಪೆಟ್ಟು ಬಿದ್ದಾಗ ರಕ್ತವು ಸಾಮಾನ್ಯವಾಗಿ ಕಪ್ಪುಗುಡ್ಡೆಯ ಮುಂದಿನ ಕೋಣೆಯಲ್ಲಿ ಸೇರಿ, ರೋಗಿ ಕುಳಿತಾಗ ಕೆಳಗೆ ಕೆಂಪು ಗೆರೆಯಾಗಿ ನಿಲ್ಲುತ್ತದೆ. ಇಲ್ಲಿ ಹೆಪ್ಪು ಶತ್ರುವಲ್ಲ. ಕೆರೆಯ ಏರಿ ಬಿರುಕು ಬಿಟ್ಟಾಗ ಮೆತ್ತಿದ ಮಣ್ಣಿನಂತೆ ಅದು ಹರಿದ ರಕ್ತನಾಳವನ್ನು ಮುಚ್ಚಿರುತ್ತದೆ. ಮಣ್ಣು ಗಟ್ಟಿಯಾಗುವ ಮೊದಲೇ ಕೆದಕಿದರೆ ನೀರು ಮತ್ತೆ ನುಗ್ಗುತ್ತದೆ. ಅದೇ ರೀತಿ, ಸಾಮಾನ್ಯವಾಗಿ ಎರಡರಿಂದ ಐದನೆಯ ದಿನದೊಳಗೆ ಹೆಪ್ಪು ಸಡಿಲಗೊಂಡು ಮರುಸ್ರಾವವಾಗುವ ಭಯವಿದೆ. ಮರುಸ್ರಾವ ಹಲವು ವೇಳೆ ಮೊದಲಿನದಕ್ಕಿಂತ ಹೆಚ್ಚಾಗಿದ್ದು, ಕಣ್ಣಿನ ಒತ್ತಡವನ್ನು ಏರಿಸಿ ದೃಷ್ಟಿನರಕ್ಕೆ ಹಾನಿ ಮಾಡಬಲ್ಲದು. ಆದುದರಿಂದ ಕೆಲವರಿಗೆ ವೈದ್ಯರು ಹೆಪ್ಪು ಕರಗದಂತೆ ತಡೆಯುವ ಔಷಧಿಯನ್ನೇ ಕೊಡುವುದುಂಟು.

ಕಣ್ಣಿನ ಒಳಕೋಣೆಯ ರಕ್ತ

ಮಸೂರದ ಹಿಂದೆ ವಿಟ್ರಿಯಸ್ ಎಂಬ ತಿಳಿಯಾದ ಲೋಳೆ ಇದೆ. ಅದರ ಪ್ರಮಾಣ ಸುಮಾರು 4 ಮಿ.ಲೀ. ಸಕ್ಕರೆ ಕಾಯಿಲೆಯಿಂದ ಹುಟ್ಟಿದ ದುರ್ಬಲ ನಾಳಗಳು ಒಡೆದಾಗ, ಅಕ್ಷಿಪಟ ಹರಿದಾಗ ಅಥವಾ ಯುವಕರಲ್ಲಿ ಕಾಣುವ ಈಲ್ಸ್ ರೋಗದಲ್ಲಿ ರಕ್ತ ಇಲ್ಲಿಗೆ ಸೋರುತ್ತದೆ. ಇಲ್ಲಿ ಅದು ಕರಗಲು ವಾರಗಳು, ತಿಂಗಳುಗಳೇ ಬೇಕು.

ಯೂರೋಕೈನೇಸನ್ನು ಕಣ್ಣಿನೊಳಗೆ ಚುಚ್ಚಿ ಪರೀಕ್ಷಿಸಿದಾಗ ಹೆಪ್ಪು ಕರಗಿದ್ದುಂಟು. ಆದರೆ ಕೆಲವರಲ್ಲಿ ಸೋಂಕಿಲ್ಲದೆಯೇ ಕೀವಿನಂಥ ಉರಿಯೂತ ಕಾಣಿಸಿಕೊಂಡಿತು. ಅನಂತರ, ಲೋಳೆಯನ್ನೇ ಸಡಿಲಿಸುವ ಹಯಲುರೊನಿಡೇಸ್ ಎಂಬ ಕಿಣ್ವವನ್ನು 1,300ಕ್ಕೂ ಹೆಚ್ಚು ರೋಗಿಗಳಿದ್ದ ಅಧ್ಯಯನಗಳಲ್ಲಿ ಪರೀಕ್ಷಿಸಲಾಯಿತು. 2005ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮೂರು ತಿಂಗಳಲ್ಲಿ ರಕ್ತ ತಿಳಿಯಾದುದು ಕಿಣ್ವ ಪಡೆದವರಲ್ಲಿ ನೂರಕ್ಕೆ ಸುಮಾರು 33 ಮಂದಿಗೆ, ಬರಿಯ ಲವಣದ್ರಾವಣ ಪಡೆದವರಲ್ಲಿ ಸುಮಾರು 26 ಮಂದಿಗೆ. ಈ ಅಂತರ ದೊಡ್ಡದೇನಲ್ಲ.

ಇದಕ್ಕಿಂತ ಮುಖ್ಯವಾದ ಮಾತೆಂದರೆ, ಕಿಣ್ವ ರಕ್ತವನ್ನು ತೆಗೆದೀತೇ ಹೊರತು ಸೋರಿಕೆಯ ಮೂಲವನ್ನು ಮುಚ್ಚದು. ಹರಿದ ಅಕ್ಷಿಪಟಕ್ಕೆ ಹಾಗೂ ದುರ್ಬಲ ನಾಳಗಳಿಗೆ ಲೇಸರ್ ಮುಂತಾದ ಚಿಕಿತ್ಸೆ ಬೇಕು. ರಕ್ತ ಕದಲದಿದ್ದರೆ ಅದನ್ನು ಲೋಳೆಯೊಡನೆ ಹೊರತೆಗೆಯುವ ವಿಟ್ರೆಕ್ಟಮಿ ಶಸ್ತ್ರಚಿಕಿತ್ಸೆಯಿದೆ. ಅಮೆರಿಕದಲ್ಲಿ ರಾಬರ್ಟ್ ಮಾಕೆಮರ್ 1970ರ ಸುಮಾರಿಗೆ ರೂಪಿಸಿದ ಈ ವಿಧಾನವೇ ಇಂದು ಮುಖ್ಯ ಆಧಾರ.

ಕಿಣ್ವ ನೆರವಾಗುವ ಜಾಗ

ಅಕ್ಷಿಪಟದ ನಡುಭಾಗದ ಅಡಿಯಲ್ಲಿ ರಕ್ತ ನಿಂತರೆ, ಬೆಳಕನ್ನು ಗ್ರಹಿಸುವ ಕೋಶಗಳು ಕೆಲವೇ ದಿನಗಳಲ್ಲಿ ಕೆಡತೊಡಗುತ್ತವೆ. ಇಂಥ ರೋಗಿಗಳಲ್ಲಿ ಕೆಲವರಿಗೆ ಟಿ.ಪಿ.ಎ. ಜೊತೆಗೆ ಅನಿಲದ ಗುಳ್ಳೆಯನ್ನು ಕಣ್ಣಿನೊಳಗೆ ಸೇರಿಸುತ್ತಾರೆ. ಕಿಣ್ವ ಹೆಪ್ಪನ್ನು ತೆಳ್ಳಗೆ ಮಾಡುತ್ತದೆ. ರೋಗಿ ಮುಖ ಕೆಳಗೆ ಮಾಡಿಕೊಂಡಿದ್ದಾಗ ಗುಳ್ಳೆ ರಕ್ತವನ್ನು ನಡುಭಾಗದಿಂದ ಪಕ್ಕಕ್ಕೆ ತಳ್ಳುತ್ತದೆ. ಹೃದಯಾಘಾತಕ್ಕೆ ಈ ಔಷಧಿ 100 ಮಿಲಿಗ್ರಾಂವರೆಗೆ ಬೇಕಾದರೆ, ಕಣ್ಣಿಗೆ ಸಾಮಾನ್ಯವಾಗಿ 25ರಿಂದ 50 ಮೈಕ್ರೋಗ್ರಾಂ ಸಾಕು. ಅಂದರೆ ಎರಡು ಸಾವಿರದಲ್ಲಿ ಒಂದು ಪಾಲಿಗಿಂತ ಹೆಚ್ಚಿಲ್ಲ. ಪ್ರಮಾಣ ಮೀರಿದರೆ ಅಕ್ಷಿಪಟಕ್ಕೇ ವಿಷವಾದೀತು. ರಕ್ತ ಹೊಸದಾಗಿರುವಾಗ, ಸಾಮಾನ್ಯವಾಗಿ ಎರಡು ವಾರಗಳೊಳಗೆ, ಈ ಚಿಕಿತ್ಸೆಯಿಂದ ಹೆಚ್ಚು ಪ್ರಯೋಜನ. ತಡವಾಗಿ ಬಂದವರಿಗೆ ಈ ಅವಕಾಶ ತಪ್ಪಿಹೋಗುತ್ತದೆ.

ಹಳ್ಳಿಯಲ್ಲಿ ಅನುಸರಿಸಬೇಕಾದ ಕ್ರಮಗಳು

1. ಪೆಟ್ಟಾದ ಕಣ್ಣನ್ನು ಉಜ್ಜಬಾರದು, ಒತ್ತಿ ಕಟ್ಟಬಾರದು. ಕಣ್ಣಿಗೆ ತಾಗದಂತೆ ಗಟ್ಟಿಯಾದ ಮುಚ್ಚಳವನ್ನಿಟ್ಟು, ತಲೆಯನ್ನು ಎತ್ತರದಲ್ಲಿರಿಸಿ, ಅದೇ ದಿನ ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ಯಬೇಕು.

2. ಎದೆಹಾಲು, ಹರಳೆಣ್ಣೆ, ಸೊಪ್ಪಿನ ರಸ ಯಾವುದನ್ನೂ ಕಣ್ಣಿಗೆ ಹಾಕಬಾರದು.

3. ನೋವಿಗೆಂದು ಆಸ್ಪಿರಿನ್ ನುಂಗಬಾರದು. ಹೃದಯದ ಕಾಯಿಲೆಗಾಗಿ ಅದನ್ನು ದಿನವೂ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ನಿಲ್ಲಿಸಲೂಬಾರದು.

4. ಔಷಧಿ ಅಂಗಡಿಯಲ್ಲಿ ಬಾವು ಇಳಿಸಲೆಂದು ಮಾರುವ ಕಿಣ್ವದ ಗುಳಿಗೆಗಳು ಈ ಚಿಕಿತ್ಸೆಗೆ ಬದಲಿಯಲ್ಲ.

5. ನೋವಿಲ್ಲದಿದ್ದರೂ ಕಣ್ಣಮುಂದೆ ಕಪ್ಪು ಚುಕ್ಕೆಗಳ ಮಳೆ, ಜೇಡರ ಬಲೆ, ಮಿಂಚು ಅಥವಾ ಪರದೆ ಕಂಡರೆ ತುರ್ತು ಪರೀಕ್ಷೆ ಅವಶ್ಯ. ರಕ್ತ ಅಡ್ಡವಿದ್ದಾಗಲೂ ಸ್ಕ್ಯಾನಿಂಗ್‌ನಿಂದ ಅಕ್ಷಿಪಟದ ಸ್ಥಿತಿ ತಿಳಿಯಬಹುದು.

6. ಸಕ್ಕರೆ ಕಾಯಿಲೆ ಇರುವವರು, ದೃಷ್ಟಿ ಚೆನ್ನಾಗಿದ್ದರೂ, ವರ್ಷಕ್ಕೊಮ್ಮೆ ಅಕ್ಷಿಪಟದ ಪರೀಕ್ಷೆ ಮಾಡಿಸಬೇಕು.

ಪೆಟ್ಟಿಲ್ಲದೆ ಬಿಳಿಗುಡ್ಡೆಯ ಮೇಲೆ ಮಾತ್ರ ಕೆಂಪು ಕಲೆಯಿದ್ದು, ನೋವಿಲ್ಲದೆ ದೃಷ್ಟಿ ಸರಿಯಾಗಿದ್ದರೆ ಅದು ಹೊರಪದರದ ರಕ್ತ. ಸಾಮಾನ್ಯವಾಗಿ ಎರಡು ವಾರಗಳಲ್ಲಿ ತಾನಾಗಿ ಮಾಯವಾಗುತ್ತದೆ.

ಹೆಪ್ಪನ್ನು ಕಾಯ್ದುಕೊಳ್ಳಬೇಕೇ, ಕರಗಿಸಬೇಕೇ, ಹೊರತೆಗೆಯಬೇಕೇ ಎಂಬುದನ್ನು ಕಣ್ಣಿನೊಳಗೆ ನೋಡಿದ ವೈದ್ಯರೇ ನಿರ್ಧರಿಸಬೇಕು. ಹೊತ್ತು ಮೀರುವ ಮೊದಲು ಅವರನ್ನು ತಲುಪುವುದು ನಮ್ಮ ಕೈಯಲ್ಲಿದೆ. ವಿಸ್ತರಣಾ ಕಾರ್ಯಕರ್ತರು ಈ ವಿಷಯವನ್ನು ಸುಗ್ಗಿಗೆ ಮುಂಚೆಯೇ ಗ್ರಾಮಸಭೆಗಳಲ್ಲಿ ತಿಳಿಸಿಕೊಟ್ಟರೆ ಅನೇಕ ಕಣ್ಣುಗಳು ಉಳಿದಾವು.