ಕಡಲು ನಿಮ್ಮ ಎಡಕ್ಕಿರಲಿ

ಬೆಂಗಳೂರಿನ ಮಾರತ್ತಹಳ್ಳಿಯ ಪರಿಚಯದ ದಂಪತಿ ಮೂರು ದಿನ ಕರಾವಳಿ ಸುತ್ತಿ ಬಂದು, ‘ಸಮುದ್ರವೆಲ್ಲ ಡಿವೈಡರ್ ಆಚೆಗೇ ಉಳಿಯಿತು’ ಎಂದು ಗೊಣಗಿದರು. ತಪ್ಪು ಕಡಲಿನದಲ್ಲ, ಅವರು ಹೋದ ದಿಕ್ಕಿನದು.

1. ಹೊರಡುವ ಹೊತ್ತು: ಶುಕ್ರವಾರ ಲಾಗ್‌ಔಟ್ ಆದ ಕೂಡಲೇ ಕಾರು ಹತ್ತಬೇಡಿ. ರಿಂಗ್ ರೋಡ್, ಹೆಬ್ಬಾಳ, ನೆಲಮಂಗಲ ದಾಟುವಷ್ಟರಲ್ಲೇ ಅರ್ಧ ಜೀವ ಹೋಗಿರುತ್ತದೆ. ಆಮೇಲೆ ನಡುರಾತ್ರಿ ಶಿರಾಡಿ ಘಾಟಿ. ಬೇಗ ಉಂಡು ಮಲಗಿ, ಶನಿವಾರ ನಸುಕಿನ 4 ಗಂಟೆಗೆ ಹೊರಡಿ. ಹಾಸನದಲ್ಲಿ ತಿಂಡಿ, ಅಲ್ಲೇ ಸೀಟು ಅದಲುಬದಲು. ಇಡೀ ದಾರಿ ಗಂಡನೇ ಓಡಿಸಬೇಕೆಂಬ ಕಾನೂನೇನಿಲ್ಲ.

2. ದಿಕ್ಕು: ಹೆಚ್ಚಿನವರು ಎಡವುವುದು ಇಲ್ಲೇ. ಜೋಗ ನೋಡಿಕೊಂಡು ಹೊನ್ನಾವರಕ್ಕಿಳಿದು ದಕ್ಷಿಣಕ್ಕೆ ತಿರುಗುತ್ತಾರೆ. ಆಗ ಕಡಲು ಬಲಕ್ಕೆ. ನಡುವೆ ಡಿವೈಡರ್, ಎದುರಿನಿಂದ ಬರುವ ಲಾರಿ, ಬಸ್ಸು. ಚೆಂದದ ಜಾಗ ಕಂಡರೆ ಯೂಟರ್ನ್ ಹುಡುಕಬೇಕು. ತಾಳ್ಮೆಯಿಲ್ಲದವರು ಕಾರು ಬಿಟ್ಟು, ಕೈಕೈ ಹಿಡಿದು ಹೆದ್ದಾರಿಗೆ ಅಡ್ಡ ಓಡುವುದನ್ನು ಕಣ್ಣಾರೆ ಕಂಡಿದ್ದೇನೆ. ಅದರ ಬದಲು ಶಿರಾಡಿ ಇಳಿದು, ಮಂಗಳೂರು ಕಡೆಯಿಂದ ರಾಷ್ಟ್ರೀಯ ಹೆದ್ದಾರಿ 66 ಹಿಡಿದು ಉತ್ತರಕ್ಕೆ ಹೋಗಿ. ಕಡಲು ನಿಮ್ಮ ಪಥದ ಪಕ್ಕಕ್ಕೇ ಬರುತ್ತದೆ. ಉಡುಪಿಯಿಂದ ಸುಮಾರು 55 ಕಿ.ಮೀ. ದೂರದ ಮರವಂತೆಯಲ್ಲಿ ಎಡಕ್ಕೆ ಅಲೆ, ಬಲಕ್ಕೆ ಸೌಪರ್ಣಿಕಾ ನದಿ, ನಡುವೆ ರಸ್ತೆಯಷ್ಟೇ. ಸಂಜೆ 5ರ ಹೊತ್ತಿಗೆ ಅಲ್ಲಿರಿ. ಗಾಡಿಯನ್ನು ಪಥದಿಂದ ಪೂರ್ತಿ ಕೆಳಗಿಳಿಸಿಯೇ ನಿಲ್ಲಿಸಿ.

3. ಸಾಲು: ರಾತ್ರಿ ಬೈಂದೂರು. ಭಾನುವಾರ ಒತ್ತಿನೆಣೆ ಗುಡ್ಡ, ಮುರ್ಡೇಶ್ವರ, ಅಪ್ಸರಕೊಂಡ. ಸೂರ್ಯಾಸ್ತಕ್ಕೆ ಗೋಕರ್ಣದ ಓಂ ಬೀಚ್. ಇದಕ್ಕಿಂತ ಹೆಚ್ಚು ತುರುಕಬೇಡಿ.

4. ಬಂಡೆ: ಬಂಡೆ ಒದ್ದೆಯಾಗಿದೆಯೆಂದರೆ ಅಲೆ ಅಲ್ಲಿವರೆಗೂ ಬರುತ್ತದೆಂದೇ ಅರ್ಥ, ಪಾಚಿಯ ಮೇಲೆ ಯಾವ ಶೂ ಕೂಡ ನಿಲ್ಲದು. ನೀರಿಗಿಳಿಯುವಾಗಲೂ ಅಷ್ಟೇ ಎಚ್ಚರ ಬೇಕು: 2024ರ ಡಿಸೆಂಬರ್‌ನಲ್ಲಿ, ಮಳೆಗಾಲವಲ್ಲದ ಹೊತ್ತಿನಲ್ಲೇ, ಮುರ್ಡೇಶ್ವರಕ್ಕೆ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಜೀವರಕ್ಷಕರು ಸೀಟಿ ಊದಿದರೆ ವಾದ ಬೇಡ, ಹಿಂದೆ ಬನ್ನಿ.

5. ವಾಪಸ್: ಹೊನ್ನಾವರ, ಗೇರುಸೊಪ್ಪೆ, ಜೋಗ, ಶಿವಮೊಗ್ಗ, ತುಮಕೂರು. ಮಳೆಗಾಲದಲ್ಲಿ ಘಾಟಿ ತೆರೆದಿದೆಯೇ ಎಂದು ವಿಚಾರಿಸಿಯೇ ಹೊರಡಿ. ಇದು ಇಡೀ ದಿನದ ಹಾದಿ. ಸೋಮವಾರದ ರಜೆಗೆ ಇಬ್ಬರೂ ಈಗಲೇ ಅರ್ಜಿ ಹಾಕಿ.