ಪಹಣಿಯ ಗುಂಟೆಯೂ ದಶಾಂಶದ ಬಿಂದುವೂ

ಯಾದಗಿರಿ, ಶಹಾಪುರ ಮತ್ತು ಸುರಪುರ ಸೀಮೆಯ ಗ್ರಾಮಪ್ರಮುಖರಿಗೂ ಭೂಮಾಲೀಕರಿಗೂ ಎಕರೆ-ಗುಂಟೆಯ ಲೆಕ್ಕವು ಹೊಸದಲ್ಲ. ಆದರೆ ಲೆಕ್ಕದ ಯಂತ್ರವು ಪ್ರತಿಯೊಬ್ಬರ ಕೈಗೂ ಬಂದ ಮೇಲೆ ಒಂದು ತಪ್ಪು ಮೇಲಿಂದ ಮೇಲೆ ಕಣ್ಣಿಗೆ ಬೀಳುತ್ತಿದೆ. ಅದನ್ನು ತಿದ್ದಿಕೊಳ್ಳುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ಶಹಾಪುರ ತಾಲ್ಲೂಕಿನ ಒಂದು ಗ್ರಾಮದಲ್ಲಿ, ನಾರಾಯಣಪುರ ಎಡದಂಡೆ ಕಾಲುವೆಯ ನೀರುಣ್ಣುವ ೭ ಎಕರೆ ೧೦ ಗುಂಟೆ ಗದ್ದೆಯನ್ನು ಮೂವರು ಸಹೋದರರು ಹಂಚಿಕೊಂಡರು. ಪಹಣಿಯಲ್ಲಿ ೭.೧೦ ಎಂದಿದ್ದುದನ್ನು ಹಾಗೆಯೇ ಯಂತ್ರದಲ್ಲಿ ಮೂರರಿಂದ ಭಾಗಿಸಲು ೨.೩೬ ಚಿಲ್ಲರೆ ಬಂದಿತು. ಒಬ್ಬೊಬ್ಬರಿಗೆ ೨ ಎಕರೆ ೩೬ ಗುಂಟೆಯೆಂದು ವಾಟಣಿ ಪತ್ರವೂ ಆಯಿತು. ಸರಪಳಿ ಹಿಡಿದು ಅಳೆದಾಗ ಹಿರಿಯರಿಬ್ಬರ ಪಾಲು ಸರಿಯಾಗಿ ಸಂದು, ಕಿರಿಯವನಿಗೆ ಉಳಿದದ್ದು ೧ ಎಕರೆ ೧೮ ಗುಂಟೆ ಮಾತ್ರ. ಅಂದರೆ ಅಣ್ಣಂದಿರ ಪಾಲಿನ ಅರ್ಧ. ಒಬ್ಬರ ಮನಸ್ಸಿನಲ್ಲಿಯೂ ಕಪಟವಿರಲಿಲ್ಲ. ಆದರೂ ಆ ವರ್ಷ ಬದುವಿನ ಮೇಲೆ ನಿಂತು ಆಡಿದ ಮಾತುಗಳು ಇನ್ನೂ ಮರೆತಿಲ್ಲ.

ತಪ್ಪಿನ ಮೂಲ

ಪಹಣಿಯಲ್ಲಿ ಎಕರೆಗೂ ಗುಂಟೆಗೂ ನಡುವೆ ಇರುವ ಚುಕ್ಕೆಯು ದಶಾಂಶದ ಬಿಂದುವಲ್ಲ. ಅದು ಎರಡು ಅಳತೆಗಳನ್ನು ಬೇರ್ಪಡಿಸುವ ಗುರುತು ಮಾತ್ರ. ದಶಾಂಶದಲ್ಲಿ ಬಿಂದುವಿನ ಮುಂದಿನ ಎರಡು ಸ್ಥಾನಗಳು ನೂರರಲ್ಲಿ ಎಷ್ಟು ಎಂಬುದನ್ನು ಹೇಳುತ್ತವೆ. ಗುಂಟೆಯಾದರೋ ಎಕರೆಯ ನಾಲ್ವತ್ತರಲ್ಲಿ ಒಂದು ಭಾಗ. ಆದುದರಿಂದ ೧೦ ಗುಂಟೆ ಎಂದರೆ ೧೦/೪೦, ಅಂದರೆ ಕಾಲು ಎಕರೆ, ದಶಾಂಶದಲ್ಲಿ ೦.೨೫.

ಹಿರಿಯರು ಇದನ್ನು ನಾಣ್ಯದ ಲೆಕ್ಕದಿಂದ ಸುಲಭವಾಗಿ ತಿಳಿಯಬಹುದು. ರೂಪಾಯಿಗೆ ಹದಿನಾರಾಣೆ ಇದ್ದ ಕಾಲದಲ್ಲಿ, ನಿಜಾಮರ ಹಾಲಿ ಸಿಕ್ಕದಲ್ಲಿಯೂ ಸಹ, ಮೂರು ರೂಪಾಯಿ ಎಂಟಾಣೆ ಎಂದರೆ ಮೂರೂವರೆ ರೂಪಾಯಿ, ೩.೮ ರೂಪಾಯಿ ಎಂದು ಯಾರೂ ತಿಳಿಯುತ್ತಿರಲಿಲ್ಲ. ೧೯೫೭ರ ಏಪ್ರಿಲ್ ೧ರಿಂದ ರೂಪಾಯಿಗೆ ನೂರು ಪೈಸೆಯಾದ ಮೇಲೆ ಹಣದ ಲೆಕ್ಕಕ್ಕೆ ದಶಾಂಶವು ನೇರವಾಗಿ ಹೊಂದಿತು. ನೆರೆಯ ಮಹಾರಾಷ್ಟ್ರದ ಭೂದಾಖಲೆಗಳಲ್ಲಿ ಹೆಕ್ಟೇರ್ ಮತ್ತು ಆರ್ ಎಂಬ ಅಳತೆಗಳಿವೆ. ಹೆಕ್ಟೇರಿಗೆ ನೂರು ಆರ್ ಇರುವುದರಿಂದ ಅಲ್ಲಿಯೂ ಬಿಂದುವು ನಿಜವಾದ ಬಿಂದುವೇ. ನಮ್ಮ ಗುಂಟೆಯು ಹಾಗಲ್ಲ.

ಮಾಡತಕ್ಕ ಕ್ರಮ

ಗುಂಟೆಯನ್ನು ದಶಾಂಶಕ್ಕೆ ತರಲು ೪೦ರಿಂದ ಭಾಗಿಸತಕ್ಕದ್ದು. ದಶಾಂಶವನ್ನು ಗುಂಟೆಗೆ ತರಲು ೪೦ರಿಂದ ಗುಣಿಸತಕ್ಕದ್ದು. ೨.೬ ಎಕರೆ ಎಂದಾಗ ೦.೬ನ್ನು ೪೦ರಿಂದ ಗುಣಿಸಿದರೆ ೨೪. ಆದುದರಿಂದ ಅದು ೨ ಎಕರೆ ೨೪ ಗುಂಟೆ. ಇವಿಷ್ಟು ಬಾಯಿಪಾಠವಾಗಿದ್ದರೆ ಸಾಕು:

೧ ಗುಂಟೆ = ೦.೦೨೫ ಎಕರೆ
೪ ಗುಂಟೆ = ೦.೧ ಎಕರೆ
೫ ಗುಂಟೆ (ಅರೆಕಾಲು) = ೦.೧೨೫ ಎಕರೆ
೧೦ ಗುಂಟೆ (ಕಾಲು) = ೦.೨೫ ಎಕರೆ
೨೦ ಗುಂಟೆ (ಅರ್ಧ) = ೦.೫ ಎಕರೆ
೩೦ ಗುಂಟೆ (ಮುಕ್ಕಾಲು) = ೦.೭೫ ಎಕರೆ

ಬೀಜ, ಗೊಬ್ಬರ ಮತ್ತು ವಿಮೆ

ಪಹಣಿಯಲ್ಲಿ ೩.೩೦ ಎಂದಿರುವ ಹೊಲವು ೩.೭೫ ಎಕರೆ. ಎಕರೆಗೆ ೫೦ ಕಿಲೋ ಗೊಬ್ಬರವೆಂದು ಎಣಿಸಿದರೆ ಬೇಕಾಗುವುದು ೧೮೭.೫ ಕಿಲೋ. ೩.೩ ಎಂದು ತಿಳಿದವನು ೧೬೫ ಕಿಲೋ ಕೊಂಡು, ಕೊನೆಯ ೧೮ ಗುಂಟೆಗೆ ಗೊಬ್ಬರವಿಲ್ಲದೆ ನಿಲ್ಲುವನು. ಬೆಳೆ ವಿಮೆಯ ಮೊತ್ತವನ್ನು ಹೆಕ್ಟೇರಿಗೆ ಇಷ್ಟೆಂದು ಗೊತ್ತುಮಾಡುವರು. ಒಂದು ಹೆಕ್ಟೇರಿಗೆ ೨.೪೭೧ ಎಕರೆ, ಆದುದರಿಂದ ೩.೭೫ ಎಕರೆಯು ೧.೫೨ ಹೆಕ್ಟೇರ್ ಆಗುತ್ತದೆ. ತಪ್ಪು ಲೆಕ್ಕದಿಂದ ೧.೩೪ ಹೆಕ್ಟೇರ್ ಎಂದು ಬರೆಯಿಸಿದವನು, ಬೆಳೆ ಹೋದ ವರ್ಷ ತನ್ನ ಹೊಲದ ಅಷ್ಟು ಭಾಗಕ್ಕೆ ವಿಮೆಯಿಲ್ಲದೆ ಉಳಿಯುವನು.

ಮುಗಿಯದ ದಶಾಂಶ

ಕಾಲು, ಅರ್ಧ, ಮುಕ್ಕಾಲುಗಳ ದಶಾಂಶವು ಎರಡು ಸ್ಥಾನಗಳೊಳಗೆ ಮುಗಿಯುತ್ತದೆ. ಮೂರನೆಯ ಒಂದು ಪಾಲು ಮಾತ್ರ ೦.೩೩೩ ಎಂದು ಕೊನೆಯಿಲ್ಲದೆ ನಡೆಯುತ್ತದೆ. ಮೇಲೆ ಹೇಳಿದ ೭ ಎಕರೆ ೧೦ ಗುಂಟೆಯು ೭.೨೫ ಎಕರೆ, ಮೂರರಿಂದ ಭಾಗಿಸಿದರೆ ೨.೪೧೬೬೬ ಬರುತ್ತದೆ. ಇದನ್ನು ೨.೪೧ ಎಂದು ಕಡಿದು ಹಂಚಿದರೆ, ಒಂದು ಗುಂಟೆಗೆ ೧,೦೮೯ ಚದರ ಅಡಿಯಂತೆ, ಸುಮಾರು ೮೭೧ ಚದರ ಅಡಿ ನೆಲವು ಯಾರಿಗೂ ಸೇರದೆ ಉಳಿಯುತ್ತದೆ.

ಆದುದರಿಂದ ವಾಟಣಿಯಲ್ಲಿ ದಶಾಂಶವನ್ನು ಬಿಟ್ಟು ಭಿನ್ನರಾಶಿಯಲ್ಲಿಯೇ ಲೆಕ್ಕ ಮಾಡುವುದು ಲೇಸು. ಎಲ್ಲವನ್ನೂ ಗುಂಟೆಗೆ ತಂದರೆ ೨೯೦. ಮೂರರಲ್ಲಿ ಒಂದು ಪಾಲು ೯೬ ಗುಂಟೆ ಮತ್ತು ಒಂದು ಗುಂಟೆಯ ಮೂರರಲ್ಲಿ ಎರಡು ಭಾಗ. ಗುಂಟೆಗೆ ಹದಿನಾರಾಣೆಯಂತೆ ಒಬ್ಬೊಬ್ಬರಿಗೆ ೨ ಎಕರೆ ೧೬ ಗುಂಟೆ ೧೦ ಆಣೆ ಬರುತ್ತದೆ. ಮಿಕ್ಕ ಎರಡಾಣೆ, ಎಂದರೆ ಸುಮಾರು ೧೩೬ ಚದರ ಅಡಿ, ಯಾರಿಗೆ ಸೇರಬೇಕೆಂಬುದನ್ನು ಪತ್ರದಲ್ಲಿಯೇ ಕಾಣಿಸತಕ್ಕದ್ದು.

ಕೊನೆಯದಾಗಿ ಒಂದು ಮಾತು. ಪಾಲುಗಳನ್ನು ಎಕರೆಗೆ ಎಕರೆ, ಗುಂಟೆಗೆ ಗುಂಟೆ ಕೂಡಿಸಿ ನೋಡಬೇಕು. ಆ ಸಹೋದರರ ಪತ್ರದಲ್ಲಿ ಮೂರು ಪಾಲುಗಳನ್ನು ಹೀಗೆ ಕೂಡಿಸಿದ್ದರೆ ೮ ಎಕರೆ ೨೮ ಗುಂಟೆ ಬಂದು, ಇಲ್ಲದ ನೆಲವನ್ನು ಹಂಚಿದ್ದೇವೆಂದು ಅಲ್ಲಿಯೇ ತಿಳಿಯುತ್ತಿತ್ತು. ಮೊತ್ತವು ಮೂಲ ವಿಸ್ತೀರ್ಣಕ್ಕೆ ಸರಿಹೊಂದದ ಪತ್ರಕ್ಕೆ ಊರಿನ ಹಿರಿಯರು ಸಾಕ್ಷಿ ಹಾಕಕೂಡದು. ಐದು ನಿಮಿಷದ ಈ ಲೆಕ್ಕವು ಒಂದು ಮನೆತನದ ನೆಮ್ಮದಿಯನ್ನು ಉಳಿಸಬಲ್ಲದು.